ಈ ಹಳೆ ಫೋಟೋ ಯಾವ ಕಡವಿನದ್ದು (ದೋಣಿಯಲ್ಲಿ ಹೊಳೆ ದಾಟುವ ಜಾಗ)? ಕುಂದಾಪ್ರದವರು ಸ್ವಲ್ಪ ಕಾಣಿ

ಪಡುಮನೆ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರ, ಈಗಿರುವುದು ಬೆಂಗಳೂರು. ಹೋದ ತಿಂಗಳು ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜಯ್ಯನ ಟ್ರಂಕಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಸಿಕ್ಕಿತು. ಕೆಳಗೆ ಹಾಕಿದ್ದೇನೆ.

ಹೊಳೆ ದಡದಲ್ಲಿ ಒಂದು ದೋಣಿ, ಅದರ ಮೂತಿಗೆ ಹೂವಿನ ಮಾಲೆ. ದೋಣಿಯೊಳಗೆ ಐದಾರು ಮರದ ಪೆಟ್ಟಿಗೆ. ನಾಲ್ಕು ಜನ ಗಂಡಸರು. ಅವರಲ್ಲಿ ಒಬ್ಬರು ಬರಿಮೈಯಲ್ಲಿ ಪೆಟ್ಟಿಗೆ ಮೇಲೆ ಕೂತಿದ್ದಾರೆ, ಕಣ್ಣಿನ ಸುತ್ತ ಕಪ್ಪಗಾಗಿದೆ. ನನ್ನ ಹೆಂಡತಿ ನೋಡಿ "ಪಾಪ, ಎಷ್ಟು ದಿನದಿಂದ ನಿದ್ದೆ ಇಲ್ವೋ" ಅಂದಳು. ನೀರಿನ ಆಚೆ ದಡದಲ್ಲಿ ಒಂದು ಉದ್ದ ಚಿಮಣಿ, ಅದರ ಹಿಂದೆ ಘಟ್ಟದ ಸಾಲು ಗೆರೆ ಎಳೆದ ಹಾಗೆ ಸ್ಪಷ್ಟ.

ಹಿಂಬದಿಯಲ್ಲಿ ಶಾಯಿಯಲ್ಲಿ "ಕಡವಿನಲ್ಲಿ, ಶ್ರಾವಣ" ಎಂದಿದೆ. ಇಸವಿ ಇಲ್ಲ. ಅಜ್ಜಯ್ಯ 1979ರಲ್ಲೇ ಹೋದರು. ಅಪ್ಪಯ್ಯನಿಗೆ ಈಗ 84, ಕೇಳಿದರೆ "ಕಡವು ಅಂದ್ರ್ ಕಡವು, ಯಾವ್ದಾರೆ ಎಂತ ನಿಂಗೆ" ಅನ್ನುತ್ತಾರೆ. ಇದು ಯಾವ ಕಡವು? ಸುಮಾರು ಯಾವ ಕಾಲದ್ದು? ಗೊತ್ತಿದ್ದವರು ಹೇಳಿ.

ಹೆಮ್ಮಾಡಿ ಹೈದ:
ಚಿಮಣಿ ಕಂಡ ಮೇಲೆ ಕೇಳುವುದೇನು, ಕುಂದಾಪ್ರ ಹಂಚಿನ ಕಾರ್ಖಾನೆ. ಮುಗೀತು.

ಬಸ್ರೂರು ಭಾವ:
ಮುಗೀಲಿಲ್ಲ ಸ್ವಾಮಿ. ಆಗಿನ ಕಾಲದಲ್ಲಿ ನಮ್ಮ ಹೊಳೆ ಬದಿಯಲ್ಲಿ ಹಂಚಿನ ಕಾರ್ಖಾನೆ ಒಂದೇ ಇತ್ತಾ? ಆವೆಮಣ್ಣು ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ದೋಣಿಯಲ್ಲೇ ಹೋಗಬೇಕು. ಅದಕ್ಕೇ ನೀರಿರುವಲ್ಲೆಲ್ಲ ಚಿಮಣಿ ಎದ್ದದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದರು, ಆಮೇಲೆ ಕರಾವಳಿ ಇಡೀ ಹಬ್ಬಿತು. ಇದು ಬಸ್ರೂರು ಬದಿಯ ವಾರಾಹಿ ಹೊಳೆ ಯಾಕಾಗಿರಬಾರದು? ಶಿವಾಜಿ 1665ರಲ್ಲಿ ಹಡಗು ಕಟ್ಟಿಕೊಂಡು ದೋಚಲಿಕ್ಕೆ ಬಂದದ್ದು ನಮ್ಮ ಬಸ್ರೂರಿಗೆ, ನಿಮ್ಮ ಕುಂದಾಪ್ರಕ್ಕಲ್ಲ!

ಹೆಮ್ಮಾಡಿ ಹೈದ:
ಭಾವ, ದೋಚಿಸಿಕೊಂಡದ್ದನ್ನೂ ಹೆಮ್ಮೆಯಿಂದ ಹೇಳುವುದು ನೀವೊಬ್ಬರೇ 😄

ಗಂಗೊಳ್ಳಿ ಬಂದರು:
ಬಸ್ರೂರು ಅಲ್ಲ. ಹೊಳೆ ಅಗಲ ಕಾಣಿ. ಇಷ್ಟ್ ಅಗಲ ನೀರು ಅಳಿವೆ ಹತ್ರ ಮಾತ್ರ. ಪಂಚಗಂಗಾವಳಿ ಇದು, ಐದು ಹೊಳೆ ಸೇರಿ ಕಡ್ಲಿಗೆ ಹೋಪು ಜಾಗ. ನಾನು ಹುಟ್ಟಿದ್ದೇ ಈ ನೀರಿನ ದಡದಗೆ. ಆಚೆ ಕಾಂಬುದು ಕುಂದಾಪ್ರ, ಫೋಟೋ ತೆಗ್ದದ್ದು ಗಂಗೊಳ್ಳಿ ಬದಿಯಿಂದ.

ದಾದರ್ ಕುಂದಾಪ್ರ:
ಗಂಗೊಳ್ಳಿ ದೋಣಿ ಅಂದಕೂಡಲೇ ಹೊಟ್ಟೆಯಲ್ಲಿ ಏನೋ ಆಯಿತು. ನಾನು ಮುಂಬೈಗೆ ಬಂದು 41 ವರ್ಷ, ಹೋಟೆಲ್ ಕೆಲಸಕ್ಕೆ ಬಂದವನು. ಚಿಕ್ಕಂದಿನಲ್ಲಿ ಗಂಗೊಳ್ಳಿಯ ದೊಡ್ಡಮ್ಮನ ಮನೆಗೆ ಹೋಗಬೇಕಾದರೆ ದೋಣಿಯೇ. ಕುಂದಾಪ್ರದಲ್ಲಿ ನಿಂತು ನೋಡಿದರೆ ಗಂಗೊಳ್ಳಿ ಕಣ್ಣೆದುರೇ ಕಾಣುತ್ತದೆ. ಬಸ್ಸಿನಲ್ಲಿ ಹೋಗಬೇಕೆಂದರೆ ಸಂಗಮ್, ತಲ್ಲೂರು, ಹೆಮ್ಮಾಡಿ, ತ್ರಾಸಿ ಎಲ್ಲ ಸುತ್ತಿ ಬರಬೇಕು. ದೋಣಿಯಲ್ಲಿ ನನಗೆ ಅಬ್ಬಿಯ (ಅಮ್ಮನ) ಸೆರಗು ಹಿಡಿದುಕೊಂಡೇ ಕೂರಬೇಕಿತ್ತು. ನಡು ನೀರಿಗೆ ಬಂದಾಗ ಅಳಿವೆ ಕಡೆಯಿಂದ ಒಂದು ಅಲೆ ಬಂದು ದೋಣಿ ಸ್ವಲ್ಪ ಓಲಾಡುತ್ತಿತ್ತು, ಆಗ ಮೀನಿನ ಬುಟ್ಟಿಯವರೆಲ್ಲ ನಗುತ್ತಿದ್ದರು. ನನಗೆ ಅಳು. ದಡ ಮುಟ್ಟಿದ ಮೇಲೆ ಅಬ್ಬಿ ಕೊಡಿಸುತ್ತಿದ್ದ ಒಂದು ಬನ್ಸು, ಇನ್ನೂ ಬೆಚ್ಚಗಿರುತ್ತಿತ್ತು.

ಸೇತುವೆ ಆಗುತ್ತದೆ ಅಂತ ಆಗಲೂ ಹೇಳುತ್ತಿದ್ದರು. ಆಯ್ತಾ?

ಗಂಗೊಳ್ಳಿ ಬಂದರು:
ಎಲೆಕ್ಷನ್ ಬಂದಾಗೆಲ್ಲ ಆತ್ತ್, ಮತ್ತೆ ಹೋತ್ತ್.

ಲೈಟ್‌ಹೌಸ್ ಕೋಡಿ:
ಗಂಗೊಳ್ಳಿ ಬಂದರಿನವರ ಮಾತಿಗೆ ಒಂದು ತಿದ್ದುಪಡಿ. ನಾನು ಭೂಗೋಳದ ಮೇಷ್ಟ್ರು (ರಿಟೈರ್ಡ್), ಕ್ಷಮಿಸಬೇಕು, ಚಾಳಿ ಬಿಡುವುದಿಲ್ಲ. ಗಂಗೊಳ್ಳಿಯಿಂದ ಕುಂದಾಪುರ ಪೇಟೆಯ ಕಡೆ ನೋಡಿದರೆ ಮುಖ ಆಗ್ನೇಯಕ್ಕಿರುತ್ತದೆ. ಈ ಫೋಟೋದಲ್ಲಿ ಚಿಮಣಿಯ ಎಡಕ್ಕೆ, ಘಟ್ಟದ ಸಾಲಿನಲ್ಲಿ ಒಂದು ಕಡೆ ಮೊನಚಾಗಿ ಎದ್ದಿದೆಯಲ್ಲ, ಅದು ಕೊಡಚಾದ್ರಿ. 1343 ಮೀಟರ್. ನಮ್ಮ ಕಡಲ ದಡದಿಂದ ಅದು ಕಾಣುವುದು ಈಶಾನ್ಯಕ್ಕೆ. ಅಂದರೆ ಕ್ಯಾಮೆರಾ ಹಿಡಿದವರು ಈಶಾನ್ಯಕ್ಕೆ ಮುಖ ಮಾಡಿದ್ದರು, ಅಳಿವೆಯ ತೆಂಕು ದಡದಲ್ಲಿ ನಿಂತಿದ್ದರು. ಅದು ನಮ್ಮ ಕೋಡಿ.

ಗಂಗೊಳ್ಳಿ ಬಂದರು:
ಮೇಷ್ಟ್ರೇ, ನಿಮ್ಮ ಕೋಡಿ ಅಭಿಮಾನ ಗೊತ್ತಿತ್ತ್ ಬಿಡಿ. ಆದ್ರೆ ಕೊಡಚಾದ್ರಿ ಅಂಬುದು ಸರಿ. ಬೆಳಿಗ್ಗೆ ದೋಣಿಯಲ್ಲಿ ಹೊರಗೆ ಹೋದವರಿಗೆ ಅದೇ ಗುರ್ತು. ಒಪ್ಪಿದೆ.

ಘಟ್ಟದ ಮೇಲಿನವಳು:
ನಾನು ಸಾಗರದವಳು, ಸುಮ್ಮನೆ ಓದುತ್ತಿದ್ದೇನೆ. ಕೋಡಿ ಅಂದರೆ ಕಬ್ಬು ತರುವ ಹಬ್ಬ ಆಗುವ ಊರಾ? ನಮ್ಮತ್ತಿಗೆ ಮದುವೆಯಾದ ವರ್ಷ ಹೋಗಿದ್ದರು.

ಲೈಟ್‌ಹೌಸ್ ಕೋಡಿ:
ಅಲ್ಲಮ್ಮ. ಇದು ನೂರು ಸಲ ಹೇಳಿ ಬಾಯಿ ನೋವಾಗಿದೆ. ಊರು "ಕೋಡಿ", ದೀರ್ಘ. ಹಬ್ಬ "ಕೊಡಿ", ಹ್ರಸ್ವ. ಕೊಡಿ ಅಂದರೆ ಚಿಗುರು, ತುದಿ. ಅದು ಕೋಟೇಶ್ವರದ ಕೋಟಿಲಿಂಗೇಶ್ವರನ ರಥೋತ್ಸವ, ವೃಶ್ಚಿಕ ಮಾಸದ ಹುಣ್ಣಿಮೆಗೆ. ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೊಡಿ ತೆಗೆದುಕೊಂಡು ಹೋಗುತ್ತಾರೆ. ಪತ್ರಿಕೆಯವರೂ ಪ್ರತಿವರ್ಷ ತಪ್ಪು ಬರೆಯುತ್ತಾರೆ.

ಹೆಮ್ಮಾಡಿ ಹೈದ:
ಮೇಷ್ಟ್ರಿಗೆ ದೀರ್ಘ ಹ್ರಸ್ವ ಸಿಕ್ಕಿದರೆ ಕೊಡಿ ಹಬ್ಬವೇ.

ಟಾಲಿ ಗ್ಯಾರೇಜ್:
ನಮ್ಮೂರ ವಿಳಾಸದ ಮಜಾ ಯಾರೂ ಹೇಳ್ಲಿಲ್ಲ. "ಹಂಚಿನ ಕಾರ್ಖಾನೆ ಹತ್ರ ಇಳಿ" ಅಂತಾರೆ, ಅಲ್ಲಿ ಕಾರ್ಖಾನೆ ಇಲ್ಲ, ಈಗ ಹಾಲ್. "ಮಾವಿನಮರದ ಸ್ಟಾಪು" ಅಂತಾರೆ, ಮರ ರಸ್ತೆ ಅಗಲ ಮಾಡುವಾಗ ಹೋಯ್ತು. ನನ್ನ ಮಗಳಿಗೆ ಗೂಗಲ್ ಮ್ಯಾಪಿನಲ್ಲಿ ಸಿಗುವ ಒಂದು ಗುರುತೂ ನಮ್ಮ ಬಾಯಲ್ಲಿಲ್ಲ, ನಮ್ಮ ಬಾಯಲ್ಲಿರುವ ಒಂದೂ ಮ್ಯಾಪಿನಲ್ಲಿಲ್ಲ. ಹೋದ ವಾರ ಪಾರ್ಸೆಲ್ ಹುಡುಗನಿಗೆ ಫೋನಿನಲ್ಲಿ ದಾರಿ ಹೇಳಿ ಹೇಳಿ ಸಾಕಾಗಿ ನಾನೇ ಶಾಸ್ತ್ರಿ ಸರ್ಕಲ್‌ಗೆ ಹೋಗಿ ಇಸ್ಕೊಂಡು ಬಂದೆ.

ದಾದರ್ ಕುಂದಾಪ್ರ:
ಶಾಸ್ತ್ರಿ ಸರ್ಕಲ್ ಫ್ಲೈಓವರ್ ಮುಗೀತಾ? ನಾನು ಬಂದಾಗೆಲ್ಲ ಬರೀ ಕಂಬ ನಿಂತಿತ್ತು.

ಟಾಲಿ ಗ್ಯಾರೇಜ್:
ಮುಗೀತು ಮಾರಾಯ್ರೆ. ಆದ್ರೆ ಆ ಅರ್ಧ ಕಟ್ಟಿದ ಕಂಬಗಳ ಕೆಳಗೆ ಒಂದು ತಲೆಮಾರು ಶಾಲೆಗೆ ಹೋಗಿ ಕಾಲೇಜು ಮುಗಿಸಿತು. ಈಗ ಫ್ಲೈಓವರ್ ಮೇಲೆ ಹೋಗುವ ಬಸ್ಸಿನವರಿಗೆ ಕುಂದಾಪ್ರ ಬಂದದ್ದೇ ಗೊತ್ತಾಗುವುದಿಲ್ಲ, ನಿದ್ದೆಯಲ್ಲೇ ದಾಟಿ ಹೋಗ್ತಾರೆ.

ಪಡುಮನೆ ಮೊಮ್ಮಗ:
ದಯವಿಟ್ಟು ಫೋಟೋಗೆ ಬನ್ನಿ 🙏 ಕೋಡಿ ದಡ ಅಂತ ಇಟ್ಟುಕೊಳ್ಳೋಣ. ಶ್ರಾವಣದಲ್ಲಿ ಹೂ ಕಟ್ಟಿದ ದೋಣಿ ಯಾಕೆ?

ಮೊಗೇರ್ ಬೀಡಿ:
ನೂಲ ಹುಣ್ಣಿಮೆಗೆ ಸಮುದ್ರ ಪೂಜೆ. ಶ್ರಾವಣ ಸರಿಯಾಗಿ ಕೂರುತ್ತದೆ. ದೋಣಿಗೆ ಹೂ ಹಾಕಿ, ಕಡಲಿಗೆ ಹಾಲು ತೆಂಗಿನಕಾಯಿ ಬಿಟ್ಟು ಆಮೇಲೆ ಮೀನಿಗೆ ಇಳಿಯುವುದು. ಪೆಟ್ಟಿಗೆ ಮೀನಿನದ್ದು.

ಗಂಗೊಳ್ಳಿ ಬಂದರು:
ಇಲ್ಲ ಇಲ್ಲ. ಒಂದು, ದೋಣಿಯಲ್ಲಿ ಬಲೆ ಇಲ್ಲ. ಪೂಜೆ ದಿನ ಬಲೆ ಇಲ್ದೆ ದೋಣಿ ಇಳಿಸ್ತ್ರಾ ಯಾರಾದ್ರೂ? ಎರಡು, ಆ ಕಾಲದಗೆ ಮೀನು ಬುಟ್ಟಿಯಲ್ಲಿ ಹೋಗ್ತಿತ್ತ್. ಮರದ ಪೆಟ್ಟಿಗೆ, ಅದೂ ಬೀಗದ ಕೊಂಡಿ ಇಪ್ಪು ಪೆಟ್ಟಿಗೆ, ಬೈಗಿ ಬಂಗ್ಡಿಗೆ ಎಂತಕೆ? ಮೂರು, ಶ್ರಾವಣದಗೆ ಅಳಿವೆ ಬದಿ ನೀರು ಕೆಂಪು, ಒಳಸೆಳವು. ಈ ಫೋಟೋದಗೆ ನೀರು ತಟ್ಟೆಯಂಗೆ ಇತ್ತ್.

ಲೈಟ್‌ಹೌಸ್ ಕೋಡಿ:
ನಾಲ್ಕನೆಯದು ನಾನು ಸೇರಿಸುತ್ತೇನೆ. ಶ್ರಾವಣದಲ್ಲಿ ಕೊಡಚಾದ್ರಿ ಇಷ್ಟು ಸ್ಪಷ್ಟ ಕಾಣುವುದು ಅಪರೂಪ. ಮೋಡ ಬಿಟ್ಟರೆ ತಾನೇ. ಇದು ಚಳಿಗಾಲದ ಬೆಳಗು, ದೀಪಾವಳಿಯ ಮೇಲೆ.

ಹೆಮ್ಮಾಡಿ ಹೈದ:
ಹಾಗಾದರೆ ಮಾಲೆ ನಮ್ಮೂರ ಸೇವಂತಿಗೆ!! ಹೆಮ್ಮಾಡಿ ಸೇವಂತಿಗೆ ಅರಳುವುದು ಮಕರ ಸಂಕ್ರಮಣದ ಹೊತ್ತಿಗೆ, ಮಾರಣಕಟ್ಟೆ ಜಾತ್ರೆಗೆ ಬುಟ್ಟಿಗಟ್ಟಲೆ ಹೋಗುತ್ತದೆ. ಕಪ್ಪು ಬಿಳುಪಿನಲ್ಲಿ ಹಳದಿ ಗೊತ್ತಾಗುವುದಿಲ್ಲ ಅಷ್ಟೆ. ಹೂವಿನ ಒತ್ತೊತ್ತು ನೋಡಿ, ಅದೇ.

ಬಸ್ರೂರು ಭಾವ:
ಎಲ್ಲರಿಗೂ ಅವರವರ ಊರೇ ಕಾಣುತ್ತದೆ ಈ ಫೋಟೋದಲ್ಲಿ. ನಾನು ಮಾತ್ರ ಬಸ್ರೂರು ಅಂದದ್ದು ತಪ್ಪಾ?

ಘಟ್ಟದ ಮೇಲಿನವಳು:
😂😂

ಟಾಲಿ ಗ್ಯಾರೇಜ್:
ಪೆಟ್ಟಿಗೆಯಲ್ಲಿ ಹಂಚು ಇರಬಹುದಲ್ಲ? ಎದುರಿಗೇ ಕಾರ್ಖಾನೆ.

ಬಸ್ರೂರು ಭಾವ:
ಹಂಚನ್ನು ಬೀಗ ಹಾಕಿ ಪೆಟ್ಟಿಗೆಯಲ್ಲಿಡುತ್ತಾರಾ? ನಮ್ಮ ಮಾವನದ್ದು ಹಂಚಿನ ದೋಣಿಯೇ ಇತ್ತು. ಒಂದರ ಬೆನ್ನಿಗೊಂದು ನಿಲ್ಲಿಸಿ ನಡುವೆ ಹುಲ್ಲು ತುರುಕುತ್ತಿದ್ದರು. ಒಡೆದ ಹಂಚಿನ ಲೆಕ್ಕದ್ದೇ ದಿನಾ ಜಗಳ.

ದಾದರ್ ಕುಂದಾಪ್ರ:
ಹೋಳಿ ಸಮಯ ಇರಬಹುದಾ? ಖಾರ್ವಿಕೇರಿಯಲ್ಲಿ ಹೋಳಿ ಜೋರು, ಗುಮಟೆ ಬಡಿಯುತ್ತಿದ್ದರು. ನಾವು ಕಿಟಕಿಯಲ್ಲಿ ನಿಂತು ನೋಡುವುದು. ಕಣ್ಣಿನ ಸುತ್ತ ಬಣ್ಣ ಉಳಿದಿರಬಹುದು.

ಗಂಗೊಳ್ಳಿ ಬಂದರು:
ಹೋಳಿ ಬಣ್ಣ ಕಣ್ಣಿನ ಸುತ್ತ ಮಾತ್ರ ಬಳಿಸಿಕೊಂಬರಾ?

ಚೌಕಿ ದೀಪ:
ತಡವಾಗಿ ನೋಡಿದೆ. ಎಲ್ಲರ ಮಾತು ಓದಿ ನಗು ಬಂತು, ಕ್ಷಮಿಸಿ. ಎಲ್ಲರೂ ಪೆಟ್ಟಿಗೆಯನ್ನು ನೋಡಿದಿರಿ, ಯಾರಿಗೂ "ಪೆಟ್ಟಿಗೆ" ಕಾಣಲಿಲ್ಲವಾ?

ನಮ್ಮ ತಂದೆ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಇಪ್ಪತ್ತೇಳು ತಿರುಗಾಟ ಮಾಡಿದವರು. ಲಾರಿ ಬರುವ ಮೊದಲು ಮೇಳ ಊರಿಂದೂರಿಗೆ ನಡೆದೇ ಹೋಗುತ್ತಿತ್ತು. ಕಿರೀಟ, ಭುಜಕೀರ್ತಿ, ಎದೆಕಟ್ಟು, ಬಟ್ಟೆಬರೆ ಎಲ್ಲ ಬೀಗ ಹಾಕಿದ ಮರದ ಪೆಟ್ಟಿಗೆಗಳಲ್ಲಿ, ಹೊರುವವರ ತಲೆ ಮೇಲೆ. ಹೊಳೆ ಬಂದರೆ ದೋಣಿ. ಒಂದು ಪೆಟ್ಟಿಗೆಯಲ್ಲಿ ದೇವರು ಇರುತ್ತಾರೆ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೂಜೆಯಾಗುವ ಗಣಪತಿ. ದೇವರು ಕೂತ ದೋಣಿಗೆ ಹೂ ಹಾಕದೆ ಇರುತ್ತಾರಾ ಕಡವಿನವರು? ಮೇಳ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ, ಮಳೆಗಾಲದೊಳಗೆ ಮುಗಿಯುತ್ತದೆ. ಮೇಷ್ಟ್ರ ಕೊಡಚಾದ್ರಿಯೂ ಹೊಂದಿತು, ಹೆಮ್ಮಾಡಿಯವರ ಸೇವಂತಿಗೆಯೂ ಹೊಂದಿತು.

ಇನ್ನು ಕಣ್ಣಿನ ಕಪ್ಪು. ಅದು ನಿದ್ದೆಗೇಡಲ್ಲ (ನಿದ್ದೆಗೇಡೂ ಹೌದು ಅನ್ನಿ). ಕಾಡಿಗೆ. ಬೆಳಗ್ಗೆ ತೆಂಗಿನೆಣ್ಣೆ ಹಾಕಿ ಒರೆಸಿದರೆ ಮುಖದ ಬಣ್ಣ ಹೋಗುತ್ತದೆ, ಕಣ್ಣಿನ ಅಂಚಿನದ್ದು ಹೋಗುವುದಿಲ್ಲ. ದಿನಾ ಆಟ, ದಿನಾ ಕಾಡಿಗೆ, ಆರು ತಿಂಗಳು ಹೋಗುವುದೇ ಇಲ್ಲ. ನಮ್ಮ ತಂದೆ ತಿರುಗಾಟದ ನಡುವೆ ಮನೆಗೆ ಬಂದಾಗ ಅಬ್ಬಿ ಮೊದಲು ಮಾಡುತ್ತಿದ್ದ ಕೆಲಸ, ಹಳೆ ಪಂಚೆಯ ತುದಿಗೆ ಎಣ್ಣೆ ಅದ್ದಿ ಅವರ ಕಣ್ಣು ಒರೆಸುವುದು. ದಿಂಬಿನ ಬಟ್ಟೆ ಕಪ್ಪಾಗಬಾರದು ಅಂತ ಬೈಯುತ್ತ ಒರೆಸುತ್ತಿದ್ದಳು.

ಪಡುಮನೆಯವರೇ, ಫೋಟೋ ಹಿಂಬದಿಯನ್ನು ಒಂದು ಸಲ ಸ್ಕ್ಯಾನ್ ಮಾಡಿ ಹಾಕಿ.

ಗಂಗೊಳ್ಳಿ ಬಂದರು:
ಥೂ, ನಂಗೆ ಹೊಳಿಲೇ ಇಲ್ಲ ಕಾಣಿ! ನಮ್ಮಜ್ಜ ಮೇಳ ದಾಟಿಸಿದ್ದನ್ನ ಹೇಳ್ತಿದ್ರ್. ದುಡ್ಡು ತಕಂತಿರ್ಲಿಲ್ಲ ಅಂಬ್ರು, ಬದಲಿಗೆ ಆ ರಾತ್ರಿ ಆಟಕ್ಕೆ ಮುಂದಿನ ಚಾಪೆ.

ಲೈಟ್‌ಹೌಸ್ ಕೋಡಿ:
ಕೋಟೇಶ್ವರ ಬದಿಯಲ್ಲಿ ಆಟ ಮುಗಿಸಿ, ಕೋಡಿ ಹೊಯಿಗೆಯಲ್ಲಿ (ಮರಳಿನಲ್ಲಿ) ನಡೆದು ಬಂದು, ಅಳಿವೆ ದಾಟಿ ಗಂಗೊಳ್ಳಿಗೆ. ದಾರಿ ಸರಿಯಾಗಿದೆ. ಈಗ ಅದೇ ಜಾಗದಲ್ಲಿ ಅಲೆ ತಡೆಗೋಡೆ, ಸೀವಾಕ್. ಸಂಜೆಯಾದರೆ ಚುರುಮುರಿ ಗಾಡಿ, ಸೆಲ್ಫಿ. ಅದರಾಚೆ ಹೊಯಿಗೆಯಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಬೇಲಿ ಕಟ್ಟಿ ಕಾಯುತ್ತಾರೆ, ಅದೊಂದು ಒಳ್ಳೆಯ ಕೆಲಸ.

ಪಡುಮನೆ ಮೊಮ್ಮಗ:
ಹಿಂಬದಿ ಹಾಕಿದ್ದೇನೆ. ಅಕ್ಷರ ಅಜ್ಜಯ್ಯನದ್ದೇ. ನಡುವೆ ಒಂದು ಎಣ್ಣೆ ಕಲೆ ಇದೆ, ಅದರ ಜಾಗ ಗಮನಿಸಿ.

ಚೌಕಿ ದೀಪ:
ದೊಡ್ಡದು ಮಾಡಿ ನೋಡಿ ಎಲ್ಲರೂ. ಕಲೆ ಇರುವುದು "ಶ್ರ" ಮತ್ತು "ವಣ" ನಡುವೆ. "ಶ್ರ" ತಲೆ ಮೇಲೆ ಗುಡಿಸಿನ ಸುಳಿ ಅರ್ಧ ಉಳಿದಿದೆ, ಅದರಾಚೆ ಜಾಗ ಒಂದಕ್ಷರಕ್ಕಿಂತ ಹೆಚ್ಚು. ಅದು "ಶ್ರಾವಣ" ಅಲ್ಲ.

"ಕಡವಿನಲ್ಲಿ, ಶ್ರೀ ರಾವಣ."

ಹೆಮ್ಮಾಡಿ ಹೈದ:
ಅಯ್ಯೋ ದೇವ್ರೇ!!

ಘಟ್ಟದ ಮೇಲಿನವಳು:
ಮೈ ಜುಂ ಅಂತು. ಶ್ರೀ ಬೇರೆ ಸೇರಿಸಿದ್ದಾರೆ ಅಜ್ಜ.

ಮೊಗೇರ್ ಬೀಡಿ:
ನನ್ನ ಸಮುದ್ರ ಪೂಜೆ ವಾಪಸ್ ತಗೊಂಡೆ.

ದಾದರ್ ಕುಂದಾಪ್ರ:
ನೆಹರೂ ಮೈದಾನದಲ್ಲಿ ಡೇರೆ ಹಾಕಿದಾಗ ಹೊರಗಿನಿಂದ ಡೇರೆಯ ಸಂದಿಯಲ್ಲಿ ಕಣ್ಣಿಟ್ಟು ನೋಡಿದವನು ನಾನು. ರಾವಣನ ಒಡ್ಡೋಲಗಕ್ಕೆ ಚಂಡೆ ಏರುತ್ತದಲ್ಲ, ಅಷ್ಟಾದರೆ ಮನೆಗೆ ಓಡುವುದು, ರಾತ್ರಿ ಇಡೀ ಮುಸುಕು. ಈಗ ದಾದರಿನಲ್ಲೂ ಆಟ ಆಗುತ್ತದೆ, ಹಾಲಿನಲ್ಲಿ, ಮೂರು ಗಂಟೆಯದ್ದು. ಹತ್ತೂವರೆಗೆ ಲೈಟ್ ಆಫ್, ಕೊನೆ ಲೋಕಲ್ ಸಿಗಬೇಕಲ್ಲ.

ಬಸ್ರೂರು ಭಾವ:
ಕಾಲಮಿತಿ ಯಕ್ಷಗಾನದ ಚರ್ಚೆ ಇಲ್ಲಿ ಬೇಡ, ಬೆಳಗಾಗುತ್ತದೆ.

ಟಾಲಿ ಗ್ಯಾರೇಜ್:
ಎಲ್ಲ ಸರಿ, ರಾವಣ ದೇವರ ಪೆಟ್ಟಿಗೆ ಮೇಲೆ ಕೂತುಬಿಟ್ಟರಾ?

ಚೌಕಿ ದೀಪ:
ಛೇ, ಯಾರೂ ಕೂರುವುದಿಲ್ಲ. ಹೂವಿನ ಮಾಲೆ ಪಕ್ಕ, ಮೂತಿಯಲ್ಲಿ ಬಟ್ಟೆ ಮುಚ್ಚಿದ್ದು ಬೇರೆಯೇ ಇದೆ ನೋಡಿ, ಅದು ದೇವರದ್ದು. ರಾವಣ ಕೂತದ್ದು ಬಟ್ಟೆ ಪೆಟ್ಟಿಗೆ.

ಪಡುಮನೆ ಮೊಮ್ಮಗ:
ಎಲ್ಲರಿಗೂ ಏನು ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪಯ್ಯನಿಗೆ ಕನ್ನಡಕ ಹಾಕಿಸಿ, ಫೋಟೋವನ್ನು ಟೀವಿಯಲ್ಲಿ ದೊಡ್ಡದು ಮಾಡಿ ತೋರಿಸಿದೆ. "ಇದು ಮೇಳದ ದೋಣಿಯಂತೆ, ಇವರು ರಾವಣನ ವೇಷ ಹಾಕುತ್ತಿದ್ದವರಂತೆ" ಅಂದೆ. ಸುಮಾರು ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಶುರು ಮಾಡಿದರು ನೋಡಿ:

"ಅಂತೆ ಎಂತ ಬಂತ್, ರಾವಣನೇ ಅದ್. ನಮ್ಮನಿಗೆ ಉಣ್ಕ್ ಬಂದಿದ್ರ್. ಜಗಲಿ ಮೇಲ್ ಕೂಕಂಡ್ ನನ್ನ ಕರದ್ರ್, ಬಾ ಮಗಾ ಅಂತೇಳಿ. ಆ ಕಣ್ ಕಂಡದ್ದೇ, ನಾನ್ ಓಡಿ ಹೋಯಿ ಅಟ್ಟದ್ ಮೇಲ್ ಕೂತದ್ದ್. ಸಂಜಿ ತಂಕ ಇಳಿಲಿಲ್ಲ. ಅಬ್ಬಿ ಅಲ್ಲಿಗೇ ಅನ್ನ ತಂದ್ ಕೊಟ್ಟಿತ್."

ಎಷ್ಟು ವರ್ಷ ಆಗಿತ್ತು ಆಗ ನಿಮಗೆ ಎಂದು ಕೇಳಿದೆ. ಇನ್ನೂ ಹತ್ತಾಗಿರಲಿಲ್ಲ ಅಂದರು. ಅಲ್ಲಿಗೆ ಫೋಟೋಗೆ ಎಪ್ಪತ್ತೈದು ವರ್ಷದ ಹತ್ತಿರ. ಹೆಸರು ಕೇಳಿದರೆ ನೆನಪಿಲ್ಲ, "ರಾವಣ" ಅಷ್ಟೆ. ಊಟಕ್ಕೆ ಏನು ಮಾಡಿದ್ದರು ಅನ್ನುವುದು ಮಾತ್ರ ನೆನಪಿದೆ: ನಂಗ್ ಮೀನಿನ ಸಾರು, ಕೊಚ್ಚಕ್ಕಿ ಅನ್ನ.

ಗಂಗೊಳ್ಳಿ ಬಂದರು:
ನಂಗ್ ಅಂದ್ರಾ? ಹಾಂಗಾರೆ ದೀಪಾವಳಿ ಕಳ್ದದ್ದೇ ಸರಿ, ಆಗ ಸಾಮಾನು ಒಳ್ಳೆದ್ ಬತ್ತಿತ್ತ್. ಅಪ್ಪಯ್ಯನ್ನ ಒಂದ್ಸಲ ಊರಿಗೆ ಕರ್ಕಂಡ್ ಬನ್ನಿ ಮಾರಾಯ್ರೆ, ಕೋಡಿಯಿಂದ ಈಚೆಗೆ ದಾಟಿಸುದ್ ನನ್ ಜವಾಬ್ದಾರಿ. ದುಡ್ಡ್ ಬ್ಯಾಡ.

ಲೈಟ್‌ಹೌಸ್ ಕೋಡಿ:
ಬರುವುದಾದರೆ ಡಿಸೆಂಬರಿನಲ್ಲಿ ಬನ್ನಿ, ಬೆಳಿಗ್ಗೆ ಏಳರೊಳಗೆ. ಕೊಡಚಾದ್ರಿ ಕಾಣುತ್ತದೆ. ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಫೋಟೋ ತೆಗೆಯೋಣ.

ಬಸ್ರೂರು ಭಾವ:
ಅದೆಲ್ಲ ಇರಲಿ. ಚಿಮಣಿ ಯಾವ ಕಾರ್ಖಾನೆದು ಅಂತ ಇನ್ನೂ ಒಬ್ಬರೂ ಹೇಳಲಿಲ್ಲ.